ಹುಳಿ ಮೇವಿಗೆ ಎರಡು ಹಿಂಡಿ

ಜನವರಿ ೬

ಮಾವ ಇವತ್ತು ನಮ್ಮಿಬ್ಬರನ್ನೂ ಒಂದೇ ಹೊತ್ತಿಗೆ ಊಟದ ಮೇಜಿಗೆ ಕರೆದು ಕೊಟ್ಟಿಗೆಯನ್ನು ಎರಡು ಮಾಡಿದರು. ಗೋಡೆ ಎಬ್ಬಿಸಲಿಲ್ಲ, ಬಾಯಲ್ಲೇ ಮಾಡಿದರು. ನಡುವಿನ ಮೇವಿನ ದಾರಿಯ ಎಡಗಡೆ ಸಾಲು ನನ್ನದು, ಹಸುಗಳ ಕೊರಳಿಗೆ ಕೆಂಪು ಪಟ್ಟಿ. ಬಲಗಡೆ ಸಾಲು ಗಾಣದವನದು, ನೀಲಿ ಪಟ್ಟಿ. ಎರಡಕ್ಕೂ ಒಂದೇ ಗುಂಡಿಯ ಹುಳಿ ಮೇವು, ಹೋದ ಬೇಸಿಗೆಯಲ್ಲಿ ಕೊಯ್ದು, ಹುಲ್ಲು ಬೆಳೆಯದ ಚಳಿಗಾಲಕ್ಕೆಂದು ಒತ್ತಿ ಹುಳಿಸಿಟ್ಟ ಹುಲ್ಲು. ಅದರ ಮೇಲೆ ನನ್ನ ಸಾಲಿಗೆ ಸೋಯಾ ಹಿಂಡಿ, ಅವನ ಸಾಲಿಗೆ ರೇಪ್ ಹಿಂಡಿ. ಮಾರ್ಚ್ ಮುಗಿಯುವ ಹೊತ್ತಿಗೆ ಹಾಲಿನಲ್ಲಿ ಯಾರ ಸಾಲು ಮೇಲೋ ಅವನ ಕೈಗೆ ಕೊಟ್ಟಿಗೆ, ಹಸು, ಮೇವಿನ ಮನೆಯ ಬೀಗದ ಕೈ. ಸೋತವನು ಹುಲ್ಲುಗಾವಲು ನೋಡಿಕೊಳ್ಳಬೇಕು.

"ಒಂದು ಕೊಟ್ಟಿಗೆಗೆ ಇಬ್ಬರು ಯಜಮಾನರಿದ್ರೆ ಹಸು ಯಾರ ಮಾತು ಕೇಳ್ಬೇಕು?" ಎಂದರು ಮಾವ. "ನನ್ನ ಸೊಂಟ ಬಿದ್ದುಹೋಗಿದೆ. ನಿಮ್ಮ ಜಗಳ ಬಿಡಿಸೋಕೆ ಇನ್ನು ಎದ್ದು ಬರೋಕಾಗಲ್ಲ."

ಗಾಣದವನು ಎಂದರೆ ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನ ಹೆಸರು ಬರೆದು ಹಾಳೆ ಹಾಳುಮಾಡುವುದಿಲ್ಲ. ಮದುವೆಗೆ ಮುಂಚೆ ಎಣ್ಣೆ ಮಿಲ್ಲಿನಲ್ಲಿದ್ದ. ಎಣ್ಣೆ ತೆಗೆದು ಬಿಸಾಕಿದ ಚರಟವನ್ನೇ ಅಮೃತ ಎಂದುಕೊಂಡಿದ್ದಾನೆ. ನಾನು ಈ ಮನೆಗೆ ಅಳಿಯನಾಗಿ ಬಂದಾಗಿನಿಂದ ಸೋಯಾ ಹಾಕಿದ್ದೇನೆ, ಹಾಲು ಬಂದಿದೆ. ಇವನು ಹಿಂದಿನಿಂದ ಬಂದು ರೇಪ್ ಎನ್ನುತ್ತಾನೆ, ಸಾಸಿವೆಯ ದಾಯಾದಿ ಕಾಳು. ಎರಡೂ ಪ್ರೋಟೀನೇ. ಅಳಿಯ ಅಲ್ಲ ಮಗಳ ಗಂಡ ಎಂದ ಹಾಗೆ. ಈ ಗಾದೆಯನ್ನು ಈ ಮನೆಯಲ್ಲಿ ಜೋರಾಗಿ ಹೇಳುವ ಹಾಗಿಲ್ಲ, ಇಬ್ಬರಿಗೂ ತಗಲುತ್ತದೆ.

ಬೆಳಿಗ್ಗೆ ನಾನು ಕೊಟ್ಟಿಗೆಗೆ ಕಾಲಿಟ್ಟರೆ ಅಷ್ಟೂ ತಲೆಗಳು ತಿರುಗುತ್ತವೆ. ಈ ಮನೆಯಲ್ಲಿ ನನ್ನದು ಎನ್ನುವುದು ಅದೊಂದೇ. ಅದನ್ನು ಅವನಿಗೆ ಬಿಟ್ಟುಕೊಡುವವನಲ್ಲ ನಾನು.

ಜನವರಿ ೯

ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಯಿತು. ಆದರೆ ಕೊಟ್ಟಿಗೆಯ ಕೆಲಸಕ್ಕೆ ಮಾತು ಬೇಕೇ ಬೇಕು. ಅದಕ್ಕೆ ಹಸುಗಳಿವೆ.

ಇವತ್ತು ಅವನು ತನ್ನ ಸಾಲಿನ ಹಸು ಮಚ್ಚೆಯ ಬೆನ್ನು ತಟ್ಟಿ, "ನೋಡಮ್ಮ, ಮೇವಿನ ಗಾಡಿ ಕೆಲಸ ಮುಗಿದಿದ್ರೆ ಈ ಕಡೆ ತಳ್ಳೋಕೆ ಹೇಳು ನಮ್ಮಣ್ಣಂಗೆ" ಎಂದ.

ನಾನು ನನ್ನ ಸಾಲಿನ ಹಸು ಜಗಳಗಂಟಿಗೆ ಹೇಳಿದೆ, "ಕಾಯೋಕೆ ಹೇಳೇ. ಕಾದು ಅಭ್ಯಾಸ ಇಲ್ಲದವರು ಹಸು ಸಾಕ್ಬಾರ್ದು."

ಜಗಳಗಂಟಿ ಕಿವಿ ಆಡಿಸಿತು. ಅದಕ್ಕೆ ಎಲ್ಲ ಅರ್ಥವಾಗುತ್ತದೆ.

ಅಣ್ಣನಂತೆ. ಷಡ್ಡಕರು ಅಣ್ಣತಮ್ಮಂದಿರ ಲೆಕ್ಕ ಎಂದು ಯಾವ ಪುಣ್ಯಾತ್ಮ ಕಟ್ಟಳೆ ಮಾಡಿದನೋ. ಆ ಬಾಯಿಂದ ಅಣ್ಣ ಎಂದು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಜನವರಿ ೧೯

ಮೋಸ ನಡೆಯುತ್ತಿದೆ. ನನ್ನ ಸಾಲಿನ ಗೋದಲಿಯಲ್ಲಿ ಬೆಳಿಗ್ಗೆ ಹುಳಿ ಮೇವು ಹಾಗೇ ಉಳಿದಿರುತ್ತದೆ. ಅವನ ಸಾಲಿನಲ್ಲಿ ಒಂದು ಎಸಳಿಲ್ಲ, ನೆಕ್ಕಿ ಒರೆಸಿದ ಹಾಗಿದೆ. ಗುಂಡಿಯ ನಡುವಿನ ಒಳ್ಳೆಯ ಮೇವನ್ನು ತಾನು ತೆಗೆದು ಅಂಚಿನದನ್ನು ನನಗೆ ತಳ್ಳುತ್ತಿದ್ದಾನೆ ಎಂದುಕೊಂಡೆ. ಇವತ್ತು ಗುಂಡಿಯಿಂದ ಗೋದಲಿಯವರೆಗೆ ಗಾಡಿಯ ಹಿಂದೆಯೇ ನಡೆದೆ. ಒಂದೇ ಗಾಡಿ, ಒಂದೇ ಮೇವು, ಅರ್ಧ ಎಡಕ್ಕೆ ಅರ್ಧ ಬಲಕ್ಕೆ. ನನ್ನ ಕಣ್ಣೆದುರೇ ಅವನ ಹಸುಗಳು ತಲೆ ಎತ್ತದೆ ತಿಂದವು. ನನ್ನವು ಸೋಯಾ ನೆಕ್ಕಿ, ಹುಲ್ಲನ್ನು ಮೂಗಿನಿಂದ ಆ ಕಡೆ ಈ ಕಡೆ ಮಾಡಿ ನಿಂತವು.

ಮೋಸ ಬೇರೆ ಎಲ್ಲಿಯೋ ಇದೆ. ಹುಡುಕುತ್ತೇನೆ.

ಜನವರಿ ೨೮

ಡಾಕ್ಟರಮ್ಮ ಹಾಲಿನ ಪರೀಕ್ಷೆಯ ಫಲ ತಂದಿದ್ದರು. ಇವರು ನಮ್ಮ ಪಶುವೈದ್ಯೆ, ಮಾತಾಡುವಾಗ ಕೈಗವಸು ಕಳಚುತ್ತ ಮಾತಾಡುತ್ತಾರೆ, ಕೆಟ್ಟ ಸುದ್ದಿಯಿದ್ದರೆ ನಿಧಾನಕ್ಕೆ ಕಳಚುತ್ತಾರೆ. ಇವತ್ತು ಬಹಳ ನಿಧಾನಕ್ಕೆ ಕಳಚಿದರು.

"ನಿಮ್ಮ ಸಾಲಿನ ಹಾಲಲ್ಲಿ ಯೂರಿಯಾ ಜಾಸ್ತಿ, ಪ್ರೋಟೀನ್ ಕಮ್ಮಿ" ಎಂದರು. "ಹುಳಿ ಮೇವಿನ ಪ್ರೋಟೀನು ಹೊಟ್ಟೇಲಿ ಬೇಗ ಕರಗಿಹೋಗುತ್ತೆ. ನಿಮ್ಮ ಸೋಯಾದು ಕೂಡ ಬಹಳಷ್ಟು ಹಾಗೇ ಕರಗುತ್ತೆ. ಹಸು ಅಷ್ಟನ್ನೂ ಹಾಲು ಮಾಡೋಕಾಗ್ದೆ ಯೂರಿಯಾ ಮಾಡಿ ಹೊರಗೆ ಹಾಕುತ್ತೆ. ರೇಪ್ ಆದ್ರೆ ಹುಲ್ಲನ್ನೇ ಹೆಚ್ಚು ತಿನ್ನೋ ಹಾಗೆ ಮಾಡುತ್ತೆ, ಹಾಲಿಗೂ ಹೋಗುತ್ತೆ. ಎಲ್ಲಾ ಕಡೆ ಅಂತಲ್ಲ. ಹುಳಿ ಹುಲ್ಲಿನ ಜೊತೆ ಮಾತ್ರ."

"ಇದನ್ನ ನಿಮಗೆ ಯಾರು ಹೇಳಿಕೊಟ್ರು?" ಎಂದು ಕೇಳಿದೆ.

"ಯಾರೂ ಹೇಳಿಕೊಡಲಿಲ್ಲ. ಓದಿದೀನಿ."

ಓದಿದ್ದಾರಂತೆ. ಗಾಣದವನು ಮೂಲೆಯಲ್ಲಿ ನೀಲಿ ಪಟ್ಟಿ ಬಿಗಿ ಮಾಡುವ ನೆಪದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅದೇ ನನಗೆ ಸಹಿಸಲಾಗದ್ದು. ನಕ್ಕುಬಿಟ್ಟಿದ್ದರೆ ಕತ್ತಿನ ಪಟ್ಟಿ ಹಿಡಿಯಬಹುದಿತ್ತು.

ಫೆಬ್ರವರಿ ೨

ಇವತ್ತು ಒಂದು ಪರೀಕ್ಷೆ ಮಾಡಿದೆ. ನಾವು ಒಟ್ಟಿಗೆ ಊಟಕ್ಕೆ ಕೂರುವುದಿಲ್ಲ. ಅವನದು ಮೊದಲ ಪಂಕ್ತಿ, ನನ್ನದು ಎರಡನೆಯದು. ಅವನು ಊಟಕ್ಕೆ ಹೋದಾಗ ಅವನ ಮೂಟೆಯಿಂದ ಒಂದು ಬಕೆಟ್ ರೇಪ್ ಹಿಂಡಿ ತೆಗೆದು ಜಗಳಗಂಟಿಯ ಮುಂದೆ ಸುರಿದೆ. ಇದು ಕಳ್ಳತನವಲ್ಲ. ಕಳ್ಳತನ ಎಂದರೆ ತನಗಾಗಿ ತೆಗೆದುಕೊಳ್ಳುವುದು. ನಾನು ಹಿಂಡಿ ತಿನ್ನುವುದಿಲ್ಲ.

ಫೆಬ್ರವರಿ ೩

ಜಗಳಗಂಟಿ ಹುಲ್ಲು ಪೂರ್ತಿ ಖಾಲಿ ಮಾಡಿದೆ. ಗೋದಲಿ ಕಿತ್ತುಬರುವ ಹಾಗೆ ನೆಕ್ಕಿದೆ.

ದ್ರೋಹಿ ಹಸು.

ಫೆಬ್ರವರಿ ೧೪

ಈಗ ನನ್ನ ಇಡೀ ಸಾಲು ರೇಪ್ ತಿನ್ನುತ್ತಿದೆ. ಸೋಯಾವನ್ನು ಪೂರ್ತಿ ಬಿಟ್ಟಿಲ್ಲ, ಮೇಲೊಂದಿಷ್ಟು ಚಿಮುಕಿಸುತ್ತೇನೆ, ಯಾರಾದರೂ ಬಂದು ನೋಡಿದರೆ ಕಾಣಲಿ ಎಂದು. ಉಳಿದ ಸೋಯಾವನ್ನು ಹಿಂದಿನ ಕೊಟ್ಟಿಗೆಯ ಮಣಕಗಳಿಗೆ ಸುರಿಯುತ್ತಿದ್ದೇನೆ. ಇನ್ನೂ ಕರು ಹಾಕದ, ಹಾಲು ಕೊಡದ ದೊಡ್ಡ ಕಣ್ಣಿನ ಹುಡುಗಿಯರು. ಅವಕ್ಕೆ ಹಬ್ಬವೋ ಹಬ್ಬ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ನನ್ನ ಕೈ ಹಿಡಿದು ಮೂಸಿದಳು.

"ಸೋಯಾದವರ ಕೈ ಯಾಕೆ ಹೀಗೆ ಸಾಸಿವೆ ಘಾಟು ಹೊಡೀತಿದೆ? ನನ್ನ ತಂಗಿ ಗಂಡನ ಕೈ ಹೀಗೇ ಇರುತ್ತೆ."

"ನಿನ್ನ ತಂಗಿ ಗಂಡನ ಕೈಯನ್ನ ನೀನ್ಯಾಕೆ ಮೂಸ್ತೀಯ?" ಎಂದೆ.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಈ ಮನೆಯಲ್ಲಿ ನನ್ನ ಕಡೆಯವರು ಎಂದು ಯಾರೂ ಇಲ್ಲ.

ಫೆಬ್ರವರಿ ೨೩

ಡಾಕ್ಟರಮ್ಮ ಬಂದು ಹಿಂದಿನ ಕೊಟ್ಟಿಗೆಯಲ್ಲಿ ನಿಂತು, "ಈ ಮಣಕಗಳು ಯಾಕೆ ಹೀಗೆ ಮಿಂಚ್ತಿವೆ? ಇಷ್ಟು ಕೊಬ್ಬಿದ್ರೆ ನಾಳೆ ಕರು ಹಾಕೋಕೆ ಕಷ್ಟ ಪಡ್ತಾವೆ" ಎಂದರು. ಚಳಿಗೆ ಕೂದಲು ಹೊಳೆಯುತ್ತದೆ ಎಂದೆ. ಅವರು ಕೈಗವಸನ್ನು ನಿಧಾನಕ್ಕೆ ಕಳಚಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಸ್ವಲ್ಪ ಬೆವರು ಬಂತು, ಅಷ್ಟೇ. ಮಣಕಗಳಿಗೆ ಸೋಯಾ ನಿಲ್ಲಿಸಿದೆ, ಇನ್ನು ಮೂಟೆಗಳನ್ನು ಹಳೆಯ ಟ್ರ್ಯಾಕ್ಟರಿನ ಹಿಂದೆ ಬಚ್ಚಿಡಬೇಕು.

ಗಾಣದವನ ಬುದ್ಧಿ ನೋಡಿ ನಗು ಬರುತ್ತದೆ. ತನ್ನ ಹಿಂಡಿ ಎರಡರಷ್ಟು ಬೇಗ ಕರಗುತ್ತಿದೆ, ಕಾಣುವುದಿಲ್ಲ. ಮುಗಿದ ಕೂಡಲೇ ಮತ್ತೆ ತರಿಸುತ್ತಾನೆ. ಇಂಥವನ ಕೈಗೆ ಕೊಟ್ಟಿಗೆ ಕೊಟ್ಟರೆ ಹಸುವನ್ನೇ ಯಾರಾದರೂ ಹೊಡೆದುಕೊಂಡು ಹೋದರೂ ಗೊತ್ತಾಗಲಿಕ್ಕಿಲ್ಲ.

ಮಾರ್ಚ್ ೪

ಹಿಂಡಿ ಮಾರುವವನೊಬ್ಬ ಬಂದು ಗಾಣದವನ ತಲೆ ತಿನ್ನುತ್ತಿದ್ದ. ಬಟಾಣಿ ಹಾಕಿ, ಅವರೆ ಜಾತಿಯ ಕಾಳು ಹಾಕಿ, ರೇಪ್ ಯಾಕೆ ಎಂದು. ಗಾಣದವನು ತಲೆ ಅಲ್ಲಾಡಿಸುತ್ತ ಕೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಜಗಳಗಂಟಿಯ ಕಿವಿ ಹಿಡಿದು ಇಬ್ಬರಿಗೂ ಕೇಳಿಸುವ ಹಾಗೆ ಹೇಳಿದೆ.

"ನೋಡೇ, ಕೆಲವರಿಗೆ ಹೇಳು. ಬಟಾಣಿ ಕಾಳಲ್ಲಿ ರೇಪ್ ಹಿಂಡಿಯಷ್ಟು ಪ್ರೋಟೀನು ಇಲ್ಲ. ಅದೂ ಹೊಟ್ಟೇಲಿ ಕರಗಿಹೋಗೋ ಜಾತಿ. ಹುಳಿ ಹುಲ್ಲು ಗಬಗಬ ತಿನ್ತಿರೋ ಹಸುಗಳ ಬಾಯಿಂದ ಒಳ್ಳೆ ಹಿಂಡಿ ಕಿತ್ಕೊಂಡು ಈ ಕಾಳು ಹಾಕೋರು ಹಸು ಸಾಕೋಕೆ ನಾಲಾಯಕ್ಕು."

ಮಾರುವವನು ಬೆಪ್ಪಾಗಿ ಹೋದ. ಗಾಣದವನು ಮಚ್ಚೆಗೆ, "ನಮ್ಮಣ್ಣ ಹೇಳಿದ್ದು ಕೇಳಿಸ್ತಾ?" ಎಂದ.

ನಾನು ಹೇಳಿದ್ದು ನನ್ನ ಪೂರೈಕೆ ನಿಲ್ಲಬಾರದು ಎಂದು. ಬೇರೆ ಕಾರಣವಿಲ್ಲ.

ಮಾರ್ಚ್ ೩೦

ಗೆದ್ದೆ.

ನನ್ನ ಸಾಲು ಹಾಲಿನಲ್ಲೂ ಮೇಲೆ, ಪ್ರೋಟೀನಿನಲ್ಲೂ ಮೇಲೆ, ಕೂದಲೆಳೆಯಷ್ಟು. ಡಾಕ್ಟರಮ್ಮ ಫಲವನ್ನು ಎರಡು ಸಲ ಓದಿದರು. "ಜನವರೀಲಿ ಇದ್ದ ಯೂರಿಯಾ ಎಲ್ಲಿ ಹೋಯ್ತು?" ಎಂದು ತಮಗೆ ತಾವೇ ಕೇಳಿಕೊಂಡರು. ಮಾವ ಬೀಗದ ಕೈಯನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. "ಸೋಯಾನೇ ಸರಿ ಅಂತಾಯ್ತು. ನಾಳೆಯಿಂದ ಎರಡೂ ಸಾಲಿಗೆ ಅದೇ. ಇನ್ನು ರೇಪ್ ತರಿಸೋದು ಬೇಡ" ಎಂದರು.

ಆ ಕೊನೆಯ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಷಡ್ಡಕ ಎದ್ದು ನನ್ನ ಎದುರು ಬಂದು ನಿಂತ. ನಡುವೆ ಹಸು ಇರಲಿಲ್ಲ. "ನೀವು ಹೇಳಿದ್ದೇ ಸರಿ, ಅಣ್ಣ" ಎಂದು ನೇರವಾಗಿ ಹೇಳಿ ಹೊರಗೆ ಹೋದ. ಎರಡು ವರ್ಷದ ಮೇಲೆ ಮೊದಲ ಮಾತು. ಬೈದಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತು.

ಏಪ್ರಿಲ್ ೮

ಹಾಲು ಇಳಿಯುತ್ತಿದೆ. ಎರಡೂ ಸಾಲಿನ ಗೋದಲಿಗಳಲ್ಲಿ ಹುಲ್ಲು ಉಳಿಯುತ್ತಿದೆ. ಮಚ್ಚೆ ನನ್ನನ್ನು ನೋಡಿ ಮುಖ ತಿರುಗಿಸುತ್ತದೆ. ಜಗಳಗಂಟಿ ಸೋಯಾ ಬಕೆಟನ್ನು ಕೋಡಿನಿಂದ ಎತ್ತಿ ಒಗೆಯಿತು. ನಾನು ಸಾಕಿದ ಹಸು.

ರೇಪ್ ಬೇಕು. ಆದರೆ ಹೇಗೆ ಕೇಳಲಿ? ಸೋಯಾ ಸೋಯಾ ಎಂದು ಮನೆಯೆಲ್ಲ ಕೂಗಾಡಿ ಗೆದ್ದವನು ಮರುವಾರವೇ ರೇಪ್ ತರಿಸಿ ಎಂದರೆ ಮಾವ ಕುರುಡರಲ್ಲ. ಷಡ್ಡಕ ಕೇಳಬೇಕು. ಅವನು ಹಟ ಹಿಡಿಯಬೇಕು, ಜಗಳವಾಡಬೇಕು, ನಾನು ಹಾಳಾಗಿಹೋಗಲಿ ಎಂದು ಒಪ್ಪಿಕೊಂಡ ಹಾಗೆ ಮಾಡಬೇಕು.

ಸಂಜೆ ಅವನ ದಾರಿಗೆ ಅಡ್ಡ ನಿಂತು ಹೇಳಿದೆ, "ಏನಪ್ಪಾ, ನಿನ್ನ ರೇಪ್ ಚರಟ ಇಲ್ಲದೆ ಹಸುಗಳೇನು ಸತ್ತುಹೋದ್ವಾ?"

"ನೀವು ಹೇಳಿದ್ದೇ ಸರಿ, ಅಣ್ಣ" ಎಂದ.

ಏಪ್ರಿಲ್ ೧೧

ಇವತ್ತು ಮೂರು ಸಲ ಕೆಣಕಿದೆ. ಅವನ ಮಿಲ್ಲನ್ನು ಬೈದೆ. ಅವನು ಕಟ್ಟಿದ ಹಗ್ಗದ ಗಂಟು ಬಿಚ್ಚಿ ಬೇರೆ ಕಟ್ಟಿದೆ. ಅವನ ಕುರ್ಚಿಯಲ್ಲಿ, ಅವನ ಪಂಕ್ತಿಯಲ್ಲಿ ಊಟಕ್ಕೆ ಕೂತೆ. ಪಕ್ಕಕ್ಕೆ ಸರಿದು ನನಗೆ ನೀರು ಬಗ್ಗಿಸಿ ಕೊಟ್ಟ. ನೀವು ಹೇಳಿದ್ದೇ ಸರಿ, ನೀವು ಹೇಳಿದ್ದೇ ಸರಿ. ಇಂಥ ದುಷ್ಟನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಬಿಸಿ ತುಪ್ಪವಾಗಿದೆ ಈ ಗೆಲುವು, ನುಂಗಲೂ ಆಗುವುದಿಲ್ಲ, ಉಗುಳಲೂ ಆಗುವುದಿಲ್ಲ.

ಏಪ್ರಿಲ್ ೧೬

ಮಧ್ಯಾಹ್ನ ಹಾಲಿನ ಕೋಣೆಯಲ್ಲಿ ಅವನೊಬ್ಬನೇ ಕ್ಯಾನು ತೊಳೆಯುತ್ತಿದ್ದ. ಬಾಗಿಲು ಹಾಕಿ ಒಳಗೆ ನಿಂತೆ.

"ನಿನಗೆ ಹಸುಗಳು ಬೇಡ್ವಾ?" ಎಂದೆ. "ಹಾಲು ಇಳೀತಿದೆ. ಕಣ್ಣಿಗೆ ಕಾಣಲ್ವಾ? ನಿನ್ನ ಹಿಂಡಿಗೆ ಒಂದು ಮಾತು ಆಡೋಕಾಗಲ್ವಾ?"

ಅವನು ಕ್ಯಾನನ್ನು ಬೋರಲಾಗಿಟ್ಟು ಕೈ ಒರೆಸಿಕೊಂಡ.

"ಫೆಬ್ರವರಿಯಿಂದ ನಿಮ್ಮ ಗೋದಲಿ ಮೂಲೇಲಿ ಕರೀ ಚೂರು ಬಿದ್ದಿರ್ತಿತ್ತು, ಅಣ್ಣ. ಸೋಯಾ ಕರಿ ಇರಲ್ಲ. ಮಿಲ್ಲಲ್ಲಿದ್ದವನು ನಾನು."

ನಾನು ಬಾಗಿಲಿನ ಕಡೆ ಒಮ್ಮೆ ನೋಡಿದೆ. "ಮತ್ತೆ ಯಾಕೆ ಸುಮ್ನಿದ್ದೆ?"

"ಹೇಳಿದ್ರೆ ಹಟಕ್ಕೆ ಸೋಯಾಗೇ ವಾಪಸ್ ಹೋಗ್ತಿದ್ರಿ. ಹಸುಗಳು ಚೆನ್ನಾಗಿ ತಿಂತಿದ್ವು, ತಿನ್ಲಿ ಅಂತ ಎರಡರಷ್ಟು ತರಿಸ್ದೆ. ಆಮೇಲೆ ನೀವು ಗೆದ್ರಿ." ಅವನು ಮುಂದಿನ ಕ್ಯಾನು ಎತ್ತಿಕೊಂಡ. "ಗೆದ್ದಿದ್ದನ್ನೇ ತಿನ್ನಿಸ್ಲಿ, ಎಷ್ಟು ದಿನ ತಿನ್ನಿಸ್ತೀರೋ ನೋಡೋಣ ಅಂತ ಕಾದೆ."

ಹೊಡೆಯಬೇಕೆನ್ನಿಸಿತು. ಕೈ ಏಳಲಿಲ್ಲ. ಕೊಟ್ಟಿಗೆಯಿಂದ ಹಸುಗಳು ಕೂಗುತ್ತಿದ್ದವು, ಹೊಟ್ಟೆ ತುಂಬದ ಕೂಗು. ಇಬ್ಬರಿಗೂ ಕೇಳಿಸುತ್ತಿತ್ತು.

ಏಪ್ರಿಲ್ ೧೭

ಬೆಳಿಗ್ಗೆ ಮಾವನ ಕೋಣೆಗೆ ಹೋದೆ. ಷಡ್ಡಕನನ್ನೂ ತೋಳು ಹಿಡಿದು ಎಳೆದುಕೊಂಡು ಹೋದೆ. ಅವನನ್ನು ಮುಟ್ಟಿದ್ದೇ ಅದು ಮೊದಲು.

"ಮಾವ, ಇವನು ಎಂಥ ಮನುಷ್ಯ ಅಂತ ಕೇಳಿ" ಎಂದೆ. "ನಾನು ಎರಡು ತಿಂಗಳು ನನ್ನ ಸಾಲಿಗೆ ಇವನ ರೇಪ್ ಕದ್ದು ತಿನ್ನಿಸಿದೀನಿ. ಗೆದ್ದಿದ್ದು ರೇಪು. ಇದು ಇವನಿಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ಹಸುಗಳು ಒಣಗ್ತಾ ಇದ್ರೂ ಬಾಯಿ ಬಿಡಲಿಲ್ಲ. ಇವನಿಗೆ ಹೃದಯ ಇದೆಯಾ ಕೇಳಿ."

ಮಾವ ಸೊಂಟ ಹಿಡಿದುಕೊಂಡು ಎದ್ದು ಕೂತರು.

"ಕದ್ದವನು ನೀನು, ದೂರು ಅವನ ಮೇಲಾ?"

"ಹೌದು" ಎಂದೆ. ಇನ್ನೇನು ಹೇಳಲಿ?

"ಹಸುಗೆ ಹಾಕಿದ್ದು ಹಿಂಡಿ, ಮನೆಗೆ ಹಿಂಡಿದ್ದು ಹುಳಿ" ಎಂದರು ಮಾವ. ಷಡ್ಡಕನ ಕಡೆ ತಿರುಗಿ, "ನೀನೂ ಸಾಚಾ ಅಲ್ಲ. ನಿನ್ನ ಸೇಡಿಗೆ ಹಸುಗಳ ಹೊಟ್ಟೆ ಕಾಯ್ಸಿದೀಯ. ಅದನ್ನ ಮರೀಬೇಡ" ಎಂದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು. ಬೀಗದ ಕೈ ತೆಗೆದು ಕೊಟ್ಟೆ. ಅದನ್ನು ಅವನಿಗೆ ಕೊಟ್ಟರು. "ನಾಳೆಯಿಂದ ನೀನು ಹುಲ್ಲು ನೋಡು" ಎಂದರು ನನಗೆ.

ಇಡೀ ದಿನ ಯಾರ ಮುಖವನ್ನೂ ನೋಡಲಿಲ್ಲ. ಅಳು ಬಂತು. ಬರೆಯಲು ನಾಚಿಕೆಯಿಲ್ಲ, ಇದನ್ನು ಯಾರೂ ಓದುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕೊಟ್ಟಿಗೆ ನನ್ನದೇ ಆಗಿರುತ್ತಿತ್ತು. ಸಂಜೆಯ ಹೊತ್ತಿಗೆ ಲಾರಿಯಲ್ಲಿ ರೇಪ್ ಬಂತು. ಹಸುಗಳ ಕೂಗು ನಿಂತಿತು.

ಏಪ್ರಿಲ್ ೨೫

ಹುಲ್ಲುಗಾವಲು. ಬೇಲಿ. ಹುಲ್ಲು. ಒಂದು ತಲೆಯೂ ತಿರುಗುವುದಿಲ್ಲ.

ಮೇ ೧೦

ಹುಲ್ಲಿನ ಬಗ್ಗೆ ಈ ಮನೆಯಲ್ಲಿ ಯಾರಿಗೂ ಏನೂ ತಿಳಿಯದು. ಹೋದ ವರ್ಷದ ಗುಂಡಿಯನ್ನು ನೋಡಿದರೆ ಸಾಕು, ತೆನೆ ಕಟ್ಟಿ ಕಡ್ಡಿಯಾದ ಮೇಲೆ ಕೊಯ್ದದ್ದು. ಅಂಥ ಹುಲ್ಲಿಗೆ ಯಾವ ಹಿಂಡಿ ಹಾಕಿ ಏನು? ಕೊಯ್ದವರು ಯಾರು ಎಂದು ಕೇಳಿದರೆ ಹೆಂಡತಿ, "ನೀವಿಬ್ಬರೇ, ಒಬ್ಬರಿಗೊಬ್ಬರು ಹೇಳ್ದೆ ಕಾಯ್ತಾ ಕೂತಿದ್ರಿ" ಎಂದಳು. ಇವಳಿಗೆ ಎಲ್ಲವೂ ನೆನಪಿರುತ್ತದೆ.

ಇವತ್ತು ಪ್ರತಿ ಹೊಲದ ನಡುವೆ ನಿಂತು ಹುಲ್ಲಿನ ದಂಟು ಸೀಳಿ ನೋಡಿದೆ. ಒಳಗೆ ತೆನೆ ಇನ್ನೂ ಮೇಲೆ ಬಂದಿಲ್ಲ. ಎಲೆ ತುಂಬ ಎಳೆಯದು, ಬಾಯಿಗೆ ಹಾಕಿಕೊಂಡರೆ ಸಿಹಿ. ಗುರುವಾರ ಕೊಯ್ಯುತ್ತೇನೆ. ಜಗಳಗಂಟಿಗೆ ಮುಂದಿನ ಚಳಿಗಾಲದಲ್ಲಿ ಗೋದಲಿಯಲ್ಲಿ ಒಂದು ಎಸಳು ಬಿಡಲು ಮನಸ್ಸಾಗಬಾರದು.

ಮೇ ೧೨

ಷಡ್ಡಕ ಇವತ್ತು ಹೊಲಕ್ಕೇ ಬಂದ, ಒಬ್ಬನೇ. ಹೊಸ ಯಜಮಾನ ಬೂಟು ಒರೆಸಿಕೊಂಡು ಬಂದಿದ್ದ.

"ಗುರುವಾರ ಕೊಯ್ತೀರಂತೆ. ಇನ್ನೊಂದು ವಾರ ಬಿಡಿ ಅಣ್ಣ, ಗುಂಡಿ ತುಂಬ ಹುಲ್ಲು ಸಿಗುತ್ತೆ."

"ಗುಂಡಿ ತುಂಬ ಕಡ್ಡಿ ಸಿಗುತ್ತೆ" ಎಂದೆ. "ತೆನೆ ಬಂದ ಹುಲ್ಲಿಗೆ ನಿನ್ನ ಮಿಲ್ಲನ್ನೇ ತಂದು ಸುರಿದ್ರೂ ಹಾಲು ಬರಲ್ಲ."

"ಈಗ ಕೊಯ್ದ್ರೆ ಹುಲ್ಲಲ್ಲಿ ನೀರೇ ಜಾಸ್ತಿ. ಫೆಬ್ರವರಿಗೇ ಗುಂಡಿ ಖಾಲಿ. ಆಮೇಲೆ ಹಸುಗಳಿಗೆ ನಿಮ್ಮ ಮಾತು ತಿನ್ನಿಸ್ತೀರಾ?"

"ಕೊಯ್ದು ಒಂದು ದಿನ ಬಾಡಿಸ್ತೀನಿ. ಎರಡನೇ ಕೊಯ್ಲು ಜುಲೈಗೆ ಬರುತ್ತೆ. ನನ್ನ ಹಸುಗಳಿಗೆ ಏನು ಬೇಕು ಅಂತ ನನಗೆ ಗೊತ್ತಿದೆ."

"ಯಾರ ಹಸುಗಳು?" ಎಂದ.

ಕೈಯಲ್ಲಿದ್ದ ದಂಟನ್ನು ಮುರಿದು ಬಿಸಾಕಿದೆ. ಅವನು ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ನೆಲ ನೋಡುತ್ತಿದ್ದ ಎಂದು ಕಾಣುತ್ತದೆ, ಆದರೆ ತೆಗೆದುಕೊಳ್ಳಲಿಲ್ಲ.

"ಅವು ತಿನ್ನೋ ಹುಲ್ಲು ಯಾರದ್ದು?" ಎಂದೆ.

ಅವನು ಬಗ್ಗಿ ಒಂದು ದಂಟು ಕಿತ್ತು, ಸೀಳಿ, ಬಾಯಿಗೆ ಹಾಕಿಕೊಂಡು ಅಗಿದ. ಇನ್ನೊಂದು ಕಿತ್ತ. "ಈ ಮೂಲೆ ಹೊಲ ಸರಿ, ಗುರುವಾರ ಕೊಯ್ಬಹುದು. ಆ ಕಡೇದು ಇನ್ನೂ ಎಳೇದು" ಎಂದ. ಇಲ್ಲ ಎಂದೆ. ಹೌದು ಎಂದ. ಹೊಲದಿಂದ ಹೊಲಕ್ಕೆ ನಡೆಯುತ್ತ, ದಂಟು ಸೀಳುತ್ತ, ಕೂಗಾಡುತ್ತ ಹೋದೆವು. ಮನೆಯ ಕಿಟಕಿಯಲ್ಲಿ ಅಕ್ಕತಂಗಿಯರಿಬ್ಬರೂ ನಿಂತು ನೋಡುತ್ತಿದ್ದರಂತೆ. ಸಂಜೆ ಹಾಲು ಕರೆಯುವ ಹೊತ್ತು ಮೀರಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ನಾನೇ ಹೋಗು ಎಂದು ಅಟ್ಟಿದೆ.

ಮೂರ್ಖ. ಹುಲ್ಲಿನ ವಿಷಯದಲ್ಲಿ ಅಷ್ಟು ಹಟಮಾರಿ ಮನುಷ್ಯನನ್ನು ನಾನು ಕಂಡಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನಂತೆ, ಹೇಳುವುದು ಇನ್ನೂ ಮುಗಿದಿಲ್ಲವಂತೆ. ಬರಲಿ. ನನ್ನದೂ ಮುಗಿದಿಲ್ಲ.